ದನ ಹೊಡೆಯೋಕೆ ಕುದುರೆ ಯಾಕೆ?

"ಅಲ್ಲ ಮಗಾ, ಮುನ್ನೂರು ದನ ಹೊಡ್ಕೊಂಡು ಹೋಗೋಕೆ ಕುದುರೆ ಯಾಕೆ ಬೇಕು? ಇಬ್ರು ಹುಡುಗ್ರು, ಎರಡು ಕೋಲು ಸಾಲ್ದಾ?"

ಜೂನ್ ಕೊನೆಯ ಒಂದು ಭಾನುವಾರ ಫೋನಿನಲ್ಲಿ ದೊಡ್ಡಪ್ಪ ಕೇಳಿದ್ದು ಇದು. ಹಿಂದಿನ ದಿನವಷ್ಟೇ ನಾನು ಅಮೆರಿಕದ ವಯೋಮಿಂಗ್‌ನ ಒಂದು ರಾಂಚಿನವರ (ರಾಂಚು ಅಂದರೆ ದನ ಸಾಕುವ ದೊಡ್ಡ ಜಮೀನು) ಜೊತೆ ಬೆಳಗಿನಿಂದ ಸಂಜೆವರೆಗೆ ಕುದುರೆ ಮೇಲೆ ಕೂತು ದನ ಸಾಗಿಸಿ ಬಂದಿದ್ದೆ. ತೊಡೆ ಇನ್ನೂ ನೋಯುತ್ತಿತ್ತು. ಖುಷಿಯಲ್ಲಿ ಎಲ್ಲ ಹೇಳುತ್ತಾ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ಆಮೇಲೆ ಈ ಪ್ರಶ್ನೆ ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಇಲ್ಲಿ ಜಾಗ ದೊಡ್ಡದು ದೊಡ್ಡಪ್ಪ" ಅಂದೆ. "ನಮ್ಮ ಕಾವಲೂ ದೊಡ್ಡದೇ" ಅಂದರು. "ದನ ಓಡಿಹೋದ್ರೆ ಹಿಡಿಬೇಕಲ್ವಾ?" ಅಂದೆ. "ಓಡಿಹೋದ್ವಾ?" ಅಂತ ಕೇಳಿದರು. ಯೋಚಿಸಿ ನೋಡಿದೆ. ಮೂರು ಕರು ಬಿಟ್ಟರೆ ಯಾವುದೂ ಓಡಿರಲಿಲ್ಲ. ಆ ಮೂರೂ ಓಡಿದ್ದು ನನ್ನಿಂದ.

ದೊಡ್ಡಪ್ಪ ಸುಮ್ನೆ ಕೇಳುವವರಲ್ಲ. ಅಜ್ಜಂಪುರದ ಕಡೆ, ಅಮೃತ ಮಹಲ್ ತಳಿಯ ದನ ಮೇಯುವ ಹುಲ್ಲುಗಾವಲು, ಅಂದರೆ ಕಾವಲಿನ ಪಕ್ಕದ ಊರು ಅವರದು. ಎಪ್ಪತ್ತು ವರ್ಷ ದನದ ಜೊತೆ ಬದುಕಿದವರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಮನೆಯ ದನದ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಅಂತ ಕರೆದ ಕತೆಯನ್ನು ನಾನು ಕೇಳಿದ್ದು ಅವರ ಬಾಯಲ್ಲೇ. ಅಂಥವರಿಗೆ ಅರೆಬರೆ ಉತ್ತರ ಕೊಟ್ಟೆನಲ್ಲ ಅನ್ನುವುದು ತಿಂಗಳುಗಟ್ಟಲೆ ಕಾಡಿತು. ಅದಕ್ಕೇ ಇಲ್ಲಿ ಬರೆಯುತ್ತಾ ಉತ್ತರ ಹುಡುಕುತ್ತಿದ್ದೇನೆ.

ಆ ದಿನ ಬೆಳಗ್ಗೆ

ನಾನಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಆಫೀಸಿನ ಗೆಳತಿಯೊಬ್ಬಳ ತವರು ವಯೋಮಿಂಗ್‌ನ ಪೈನ್‌ಡೇಲ್ ಹತ್ತಿರ. ಪ್ರತಿ ಜೂನ್‌ನಲ್ಲಿ ಅವರು ದನಗಳನ್ನು ಕೆಳಗಿನ ಬಯಲಿನಿಂದ ಬೆಟ್ಟದ ಸರ್ಕಾರಿ ಕಾಡಿಗೆ ಹತ್ತಿಸುತ್ತಾರೆ. ಎಷ್ಟು ದನ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನುವುದು ಪರ್ಮಿಟ್‌ನಲ್ಲೇ ಬರೆದಿರುತ್ತದೆ. ದನ ಮೇಲೆ ಹೋದರೆ ಮಾತ್ರ ಕೆಳಗಿನ ಗದ್ದೆಗೆ ನೀರು ಕಟ್ಟಿ ಹುಲ್ಲು ಬೆಳೆಸಿ, ಕೊಯ್ದು, ಚಳಿಗಾಲಕ್ಕೆ ಕೂಡಿಡಬಹುದು. ಅಲ್ಲಿ ಹಿಮ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಹುಲ್ಲಿಲ್ಲದಿದ್ದರೆ ದನ ಉಳಿಯುವುದಿಲ್ಲ. ಈ ವರ್ಷ ಒಬ್ಬರು ಕಡಿಮೆ ಬಿದ್ದಿದ್ದರು. ನಾನು ಎರಡು ವರ್ಷದಿಂದ ವಾರಕ್ಕೊಮ್ಮೆ ಕುದುರೆ ಸವಾರಿ ಕಲಿಯುತ್ತಿದ್ದೆ ಅಂತ ಗೆಳತಿಗೆ ಗೊತ್ತಿತ್ತು. ಕರೆದಳು, ಹೋದೆ.

ಬೆಳಗಿನ ನಾಲ್ಕು ಗಂಟೆಗೆ ಎದ್ದಾಗ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಆ ಜಾಗ ಸಮುದ್ರಮಟ್ಟದಿಂದ 7,000 ಅಡಿಗೂ ಮೇಲಿದೆ. ಅಲ್ಲಿ ಜೂನ್‌ನಲ್ಲೂ ಹಾಗೇ. ಗೆಳತಿಯ ಅಮ್ಮ ಆಗಲೇ ಕುದುರೆಗಳ ಮೈ ಉಜ್ಜುತ್ತಿದ್ದರು. ಅವರಿಗೆ 68 ವರ್ಷ. ಜೀನಿನ ಕೆಳಗೆ ಒಂದು ಮುಳ್ಳು, ಒಂದು ಹುಲ್ಲುಕಡ್ಡಿ ಉಳಿದರೂ ಸಂಜೆ ಹೊತ್ತಿಗೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಅದಕ್ಕೇ ಅಂಗೈಯಿಂದ ಬೆನ್ನೆಲ್ಲ ಸವರಿ ನೋಡುತ್ತಿದ್ದರು. ಕಂಬಳಿ ಹಾಸಿ, ಜೀನು ಹಾಕಿ, ಹೊಟ್ಟೆ ಕೆಳಗಿನ ಪಟ್ಟಿ ಬಿಗಿದರು. ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿದರು. ಮೊದಲ ಸಲ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತದೆ, ನಡೆದ ಮೇಲೆ ಪಟ್ಟಿ ಸಡಿಲವಾಗುತ್ತದೆ. ಕಡಿವಾಣದ ಕಬ್ಬಿಣ ಮಂಜಿನಷ್ಟೇ ತಣ್ಣಗಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ ಆಮೇಲೆ ಕುದುರೆಯ ಬಾಯಿಗೆ ಹಾಕಿದರು. ಅದನ್ನು ನೋಡಿದಾಗ ನನಗೆ ಊರಿನ ಕೊಟ್ಟಿಗೆ ನೆನಪಾಯಿತು. ಹಾಲು ಕರೆಯುವ ಮುಂಚೆ ನನ್ನಮ್ಮ ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು.

ನನಗೆ ಕೊಟ್ಟದ್ದು ಹದಿನೇಳು ವರ್ಷದ ಒಂದು ಕಂದು ಕುದುರೆ, ಬೀಜ ಒಡೆಸಿದ್ದು. ತಳಿ ಕ್ವಾರ್ಟರ್ ಹಾರ್ಸ್. ಕಾಲು ಮೈಲಿ ಓಟದಲ್ಲಿ ಗೆಲ್ಲುತ್ತಿದ್ದ ಕುದುರೆಗಳಿಂದ ಆ ಹೆಸರು ಬಂತು. 1940ರಲ್ಲಿ ಟೆಕ್ಸಾಸಿನಲ್ಲಿ ಆ ತಳಿಗೇ ಒಂದು ಸಂಘ ಕಟ್ಟಿ ದಾಖಲೆ ಇಡೋಕೆ ಶುರು ಮಾಡಿದರು. ಜಾಸ್ತಿ ಎತ್ತರ ಇರುವುದಿಲ್ಲ. ಹಿಂಭಾಗ ಮಾತ್ರ ಗಟ್ಟಿ, ದುಂಡಗೆ. ಥಟ್ಟನೆ ನಿಂತು ಥಟ್ಟನೆ ತಿರುಗುವ ಶಕ್ತಿ ಅಲ್ಲೇ ಇರುವುದು. "ನಿನಗೆ ಗೊತ್ತಾಗದಿದ್ದರೆ ಲಗಾಮು ಸಡಿಲ ಬಿಡು, ಅವನಿಗೆ ಗೊತ್ತಿದೆ" ಅಂತ ಗೆಳತಿಯ ಅಮ್ಮ ಹೇಳಿದರು. ನಾನು ತಲೆಯಾಡಿಸಿದೆ.

ಹಿಂದಿನ ಸಾಲಿನಲ್ಲಿ

ಮುನ್ನೂರು ಹಸು, ಅವುಗಳ ಕರುಗಳು. ನಾವು ಏಳು ಜನ, ಎರಡು ನಾಯಿ. ಮುಂದೆ ಇಬ್ಬರು ದಾರಿ ತೋರಿಸುತ್ತಾ ಹೋಗುತ್ತಾರೆ. ಅಕ್ಕಪಕ್ಕ ಒಂದಿಬ್ಬರು ಇರುತ್ತಾರೆ. ಹಿಂದಿನ ಸಾಲಿಗೆ ಡ್ರ್ಯಾಗ್ ಅನ್ನುತ್ತಾರೆ. ಹೊಸಬರನ್ನು ಅಲ್ಲಿ ಹಾಕುವುದು ಹಳೇ ಪದ್ಧತಿ. ಮುದಿ ಹಸು, ಕುಂಟುವ ಹಸು, ಸುಸ್ತಾದ ಕರು ಎಲ್ಲ ಬಂದು ಸೇರುವುದು ಅಲ್ಲೇ. ಧೂಳೂ ಅಲ್ಲೇ. ನಮ್ಮಲ್ಲಿ ಗೋಧೂಳಿ ಅಂದರೆ ಸಂಜೆಯ ಅರ್ಧ ಗಂಟೆ. ಅಲ್ಲಿ ಬೆಳಗಿನ ಆರರಿಂದ ಅದೇ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಗೊರಸಿಗೆ ಸಿಕ್ಕಿ ಮುರಿದ ಸೇಜ್ ಗಿಡದ ಘಾಟು ವಾಸನೆ ಬಟ್ಟೆಯೊಳಗೂ ನುಗ್ಗುತ್ತಿತ್ತು. ಹಸುಗಳು ಕರುಗಳನ್ನು ಕರೆಯುತ್ತವೆ, ಕರುಗಳು ತಾಯಂದಿರನ್ನು ಕರೆಯುತ್ತವೆ. ಆ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ.

ಎರಡು ಗಂಟೆ ಚೆನ್ನಾಗೇ ನಡೆಯಿತು. ಆಮೇಲೆ ಒಂದು ತೊರೆ ಬಂತು. ಮೊಣಕಾಲುದ್ದ ನೀರು. ದೊಡ್ಡ ಹಸುಗಳು ದಾಟಿದವು. ನನ್ನ ಮುಂದಿದ್ದ ಹತ್ತು ಹದಿನೈದು ಕರು ದಡದಲ್ಲೇ ನಿಂತವು. ನೀರು ನೋಡುತ್ತವೆ, ಮೂಸುತ್ತವೆ, ಹಿಂದೆ ಸರಿಯುತ್ತವೆ. ಮುಂದಿನವರು ದೂರ ಹೋಗುತ್ತಿದ್ದಾರೆ ಅಂತ ನನಗೆ ಗಾಬರಿಯಾಯಿತು. ಊರಿನ ಅಭ್ಯಾಸ ಬಾಯಿಗೆ ಬಂತು. "ಹೋಯ್! ನಡಿ! ನಡಿ!" ಅಂತ ಕೂಗುತ್ತಾ ಕುದುರೆಗೆ ಹಿಮ್ಮಡಿ ಕೊಟ್ಟು ಮುಂದಕ್ಕೆ ನುಗ್ಗಿಸಿದೆ. ಕುದುರೆ ಒಂದು ಕ್ಷಣ ಅನುಮಾನಿಸಿತು. ಅದು ನನಗೆ ಗೊತ್ತಾಯಿತು. ಆದರೂ ಮತ್ತೆ ಹಿಮ್ಮಡಿ ಕೊಟ್ಟೆ. ಮೂರು ಕರು ಗಿರಕ್ಕನೆ ತಿರುಗಿ ನನ್ನ ಕುದುರೆಯ ಎರಡೂ ಪಕ್ಕದಿಂದ ಹಾಯ್ದು, ಬಂದ ದಾರಿಯಲ್ಲೇ ಓಟ ಕಿತ್ತವು. ಮುಂದಿದ್ದದ್ದು ಒಂದು ಬಿಳಿ ಮುಖದ ಕರಿ ಕರು, ಬಾಲ ಎತ್ತಿಕೊಂಡು.

ನಾನು ಕುದುರೆ ತಿರುಗಿಸಿ ಹಿಂದೆ ಬೀಳಬೇಕು ಅನ್ನುವಷ್ಟರಲ್ಲಿ ಅಮ್ಮನ ದನಿ ಕೇಳಿಸಿತು. "ಬಿಡು. ಹಿಂದೆ ಹೋಗಬೇಡ. ಅಲ್ಲೇ ನಿಲ್ಲು." ಅವರು ಕರುಗಳ ಕಡೆ ನೋಡಲೂ ಇಲ್ಲ. ಕುದುರೆಯನ್ನು ಎಡಕ್ಕೆ ತಿರುಗಿಸಿ, ದೂರದಲ್ಲಿ ದೊಡ್ಡ ಸುತ್ತು ಹಾಕುತ್ತಾ ಕುಕ್ಕುಲೋಟದಲ್ಲಿ ಹೋದರು. ಬೇರೆ ಯಾವುದೋ ಕೆಲಸಕ್ಕೆ ಹೋಗುವವರ ಹಾಗಿತ್ತು. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ ಅಂತ ಗೊತ್ತಾದಾಗ ಕರುಗಳು ಓಟ ನಿಲ್ಲಿಸಿದವು. ತಿರುಗಿ ನೋಡಿದವು. ಅಷ್ಟರಲ್ಲಿ ಅಮ್ಮ ಅವುಗಳಿಗಿಂತ ಆಚೆ ತಲುಪಿ ಸುಮ್ನೆ ನಿಂತಿದ್ದರು. ಒಂದು ಹೆಜ್ಜೆ ಮುಂದೆ ಬಂದರು. ಕರುಗಳು ನಮ್ಮ ಕಡೆ ಮುಖ ಮಾಡಿದವು. ಅವರು ತಕ್ಷಣ ಕುದುರೆ ನಿಲ್ಲಿಸಿದರು. ಕರುಗಳು ನಡೆದವು. ಮತ್ತೆ ಎರಡು ಹೆಜ್ಜೆ, ಮತ್ತೆ ನಿಂತರು. ಹೀಗೇ ಮೂರೂ ಕರು ತೊರೆವರೆಗೆ ವಾಪಸ್ ಬಂದವು. ಆಚೆ ದಡದಿಂದ ಒಂದು ಹಸು ಕೂಗಿತು. ಒಂದು ಕರು ನೀರಿಗಿಳಿಯಿತು. ಉಳಿದವೂ ಇಳಿದವು.

ಅಮ್ಮ ಬೈಯಲಿಲ್ಲ. ನನ್ನ ಪಕ್ಕ ಬಂದು ಹೇಳಿದರು: "ಅವು ಯೋಚನೆ ಮಾಡ್ತಾ ಇದ್ದವು. ನೀನು ಯೋಚನೆಗೆ ಬಿಡಲಿಲ್ಲ."

ಎಲ್ಲಿ ನಿಂತರೆ ಏನಾಗುತ್ತದೆ

ಮಧ್ಯಾಹ್ನದ ಹೊತ್ತಿಗೆ ನಾನು ಅವರನ್ನೇ ನೋಡೋಕೆ ಶುರು ಮಾಡಿದ್ದೆ. ಹಸುವಿನ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತದೆ. ಸುತ್ತಲೂ ಹೆಚ್ಚುಕಮ್ಮಿ ಎಲ್ಲ ಕಾಣುತ್ತದೆ, ಸರಿಯಾಗಿ ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಅಲ್ಲಿ ಹೋಗಿ ನಿಂತರೆ ಹಸು ಮುಂದೆ ಹೋಗುವ ಬದಲು ಯಾರಿದ್ದಾರೆ ಅಂತ ತಿರುಗಿ ನೋಡುತ್ತದೆ. ಅದಕ್ಕೇ ಹಿಂದಿನ ಸಾಲಿನವರು ನೇರ ಬೆನ್ನ ಹಿಂದೆ ಹೋಗುವುದಿಲ್ಲ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಓಡಾಡುತ್ತಲೇ ಇರುತ್ತಾರೆ. ಪ್ರತಿ ಹಸುವಿಗೂ ತನ್ನ ಸುತ್ತ ಇಷ್ಟು ಜಾಗ ಅಂತ ಇರುತ್ತದೆ. ಅದರೊಳಗೆ ಕಾಲಿಟ್ಟರೆ ದೂರ ಸರಿಯುತ್ತದೆ, ಜಾಸ್ತಿ ಒಳಗೆ ಹೋದರೆ ಓಡುತ್ತದೆ ಅಥವಾ ನಮ್ಮ ಮೇಲೇ ತಿರುಗುತ್ತದೆ. ಭುಜ ಇನ್ನೊಂದು ಗುರುತು. ಭುಜದ ಹಿಂದಿನಿಂದ ಒತ್ತಿದರೆ ಹಸು ಮುಂದೆ ಹೋಗುತ್ತದೆ. ಭುಜದ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ಕೊಲೊರಾಡೊದ ಪ್ರೊಫೆಸರ್ ಟೆಂಪಲ್ ಗ್ರಾಂಡಿನ್ ಇದನ್ನೆಲ್ಲ ಚಿತ್ರ ಬರೆದು ಜಗತ್ತಿಗೆ ವಿವರಿಸಿದರು. ಬಡ್ ವಿಲಿಯಮ್ಸ್ ಅನ್ನುವವರು ದನದ ಮಧ್ಯೆ ನಿಂತು ರೈತರಿಗೆ ಕಲಿಸುತ್ತಾ ಊರೂರು ತಿರುಗಿದರು. ಅಮ್ಮ ಈ ಹೆಸರು ಯಾವುದನ್ನೂ ಎತ್ತಲಿಲ್ಲ. ಅವರ ಕುದುರೆ ನಿಂತ ಜಾಗದಲ್ಲೇ ಅದೆಲ್ಲ ಇತ್ತು.

ನನಗೆ ತುಂಬಾ ಆಶ್ಚರ್ಯ ತಂದದ್ದು ಬೇರೆ. ಪಕ್ಕದಲ್ಲಿ ಹೋಗುವವರು ದನ ನಡೆಯುವ ದಿಕ್ಕಿಗೇ ಹೋದರೆ ದನ ನಿಧಾನ ಮಾಡುತ್ತವೆ. ಎದುರು ದಿಕ್ಕಿಗೆ, ಅಂದರೆ ಮುಂದಿನಿಂದ ಹಿಂದಕ್ಕೆ ಬಂದರೆ ಚುರುಕಾಗುತ್ತವೆ. ಒಂದೊಂದೇ ಹಸುವಿನ ಭುಜ ದಾಟುತ್ತಾ ಬಂದ ಹಾಗೆ ಅದು ಒಂದೊಂದೇ ಹೆಜ್ಜೆ ಮುಂದೆ ಹಾಕುತ್ತದೆ. ಸಾಲು ನಿಧಾನವಾದಾಗಲೆಲ್ಲ ಪಕ್ಕದ ಸವಾರ ಹೊರಗಿನಿಂದ ಸುತ್ತು ಹಾಕಿ ಮುಂದೆ ಹೋಗಿ, ದನದ ಪಕ್ಕದಲ್ಲಿ ನಡಿಗೆಯಲ್ಲೇ ಹಿಂದಕ್ಕೆ ಬರುತ್ತಿದ್ದ. ಬಾಯಿಂದ ಒಂದು ಸದ್ದೂ ಇಲ್ಲ. ಮತ್ತೆ ಮುಂದೆ, ಮತ್ತೆ ಹಿಂದೆ. ಆ ಸಾಲು ಅರ್ಧ ಮೈಲಿಗಿಂತ ಉದ್ದ ಇತ್ತು. ದನ ನಡೆದದ್ದು 8 ಮೈಲಿ. ಆ ಹುಡುಗ ನಡೆಸಿದ ಕುದುರೆ ಅದಕ್ಕಿಂತ ಎಷ್ಟು ಪಟ್ಟು ಜಾಸ್ತಿ ನಡೆಯಿತೋ!

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ನಾನು ಕುದುರೆ ಅಂದರೆ ವೇಗ ಅಂದುಕೊಂಡಿದ್ದೆ, ಅದಕ್ಕೇ ಆವತ್ತು ಹೇಳೋಕೆ ಬರಲಿಲ್ಲ. ದನ ನಿಧಾನ ನಡೆಯಲಿ ಅಂತಲೇ ಅಲ್ಲಿ ಕುದುರೆ ಇರುವುದು. ಕಾಲ್ನಡಿಗೆಯವನು ಒಂದು ಸಲ ತಪ್ಪಾದ ಜಾಗದಲ್ಲಿದ್ದರೆ ಸರಿಯಾದ ಜಾಗಕ್ಕೆ ಹೋಗುವಷ್ಟರಲ್ಲಿ ದನ ತಿರುಗಿರುತ್ತದೆ. ಆಗ ಅವನು ಕೂಗಬೇಕು, ಕಲ್ಲು ಬೀರಬೇಕು, ಓಡಬೇಕು. ಕುದುರೆ ಮೇಲಿದ್ದವನು ದೂರದಿಂದಲೇ ನೋಡಿ, ಸುತ್ತು ಹಾಕಿ, ಮೊದಲೇ ಅಲ್ಲಿ ಹೋಗಿ ನಿಂತಿರುತ್ತಾನೆ. ಇನ್ನೊಂದು ವಿಷಯ. ಆ ಹಸುಗಳು ಮನುಷ್ಯರನ್ನು ನೋಡುವುದೇ ಹೆಚ್ಚಾಗಿ ಕುದುರೆ ಮೇಲೆ. ನೆಲದ ಮೇಲೆ ಎರಡು ಕಾಲಲ್ಲಿ ನಡೆದು ಬರುವ ಮನುಷ್ಯ ಅವಕ್ಕೆ ಹೊಸಬ. ಊಟಕ್ಕೆ ಇಳಿದಾಗ ನಾನು ನಾಲ್ಕು ಹೆಜ್ಜೆ ಹತ್ತಿರ ಹೋದೆ. ಕುದುರೆ ಮೇಲಿದ್ದಾಗ ಕ್ಯಾರೇ ಅನ್ನದೆ ಮೇಯುತ್ತಿದ್ದ ಹಸುಗಳು ತಲೆ ಎತ್ತಿ, ಕಿವಿ ನೆಟ್ಟಗೆ ಮಾಡಿ ದೂರ ಸರಿದವು.

ದೊಡ್ಡಪ್ಪನ ಹಸುಗಳಿಗೆ ಈ ದೂರವೇ ಇಲ್ಲ. ಹುಟ್ಟಿದ ದಿನದಿಂದ ಮೈ ಮುಟ್ಟಿಸಿಕೊಂಡು, ಹೆಸರು ಕರೆಸಿಕೊಂಡು ಬೆಳೆದವು. ಸಂಜೆಯಾದರೆ ತಾವೇ ಕೊಟ್ಟಿಗೆಗೆ ಬಂದು ತಮ್ಮ ತಮ್ಮ ಗೂಟದ ಹತ್ತಿರ ನಿಲ್ಲುತ್ತವೆ. ಅವಕ್ಕೆ ಇಬ್ಬರು ಹುಡುಗರು ಸಾಕು, ಒಂದು ಕೋಲೂ ಬೇಡ. ಕಾವಲಿನ ದನ ಹಾಗಲ್ಲ. ಬಯಲಲ್ಲೇ ಹುಟ್ಟಿ ಬೆಳೆಯುವ ಅಮೃತ ಮಹಲ್ ಹಸು ಗುರುತಿಲ್ಲದವರನ್ನು ಹತ್ತಿರ ಸೇರಿಸುವುದಿಲ್ಲ. ಚಿಕ್ಕವನಿದ್ದಾಗ ನಮಗೆ ಕಾವಲಿನ ಒಳಗೆ ಹೋಗಬೇಡಿ ಅಂತ ಬೈಯುತ್ತಿದ್ದದ್ದು ಅದಕ್ಕೇ. ಅಲ್ಲಿನ ದನಗಾಹಿಗಳು ದಿನಾ ಕಾಲ್ನಡಿಗೆಯಲ್ಲಿ ಅವುಗಳ ಜೊತೆಗೇ ಇರುತ್ತಿದ್ದರು, ಅವರ ಮೈವಾಸನೆ, ಅವರ ಕೂಗು ದನಕ್ಕೆ ಗೊತ್ತಿತ್ತು. ವಯೋಮಿಂಗ್‌ನಲ್ಲಿ ದನದ ಜೊತೆ ದಿನಾ ಇರುವಷ್ಟು ಜನರೇ ಇಲ್ಲ. ಜನದ ಬದಲಿಗೆ ಕುದುರೆ ಬಂದಿದೆ.

ಕುದುರೆಯ ಎರಡು ಕಿವಿ

ಈ ಕೆಲಸ ಅಮೆರಿಕಕ್ಕೆ ಬಂದದ್ದು ಸ್ಪೇನಿನವರ ಜೊತೆ. 1493ರಲ್ಲಿ ಕೊಲಂಬಸ್ ಎರಡನೇ ಸಲ ಬಂದಾಗ ಹಡಗಿನಲ್ಲಿ ಕುದುರೆಯೂ ಇತ್ತು, ದನವೂ ಇತ್ತು. ಮೆಕ್ಸಿಕೋದ ದನಗಾಹಿಗಳಿಗೆ ವಾಕೆರೊ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ವಾಕಾ ಅಂದರೆ ಹಸು. ಕೌಬಾಯ್ ಅಂದರೆ ನಮಗೆ ಪಿಸ್ತೂಲು ನೆನಪಾಗುತ್ತದೆ. ಕೆಲಸ ಕಲಿಸಿದವರು ಈ ವಾಕೆರೊಗಳು, ಅವರು ಕೈಯಲ್ಲಿ ಹಿಡಿದದ್ದು ಹಗ್ಗ. 1867ರಿಂದ ಟೆಕ್ಸಾಸಿನ ದನವನ್ನು ಕಾನ್ಸಾಸಿನ ಅಬಿಲೀನ್ ಊರಿನ ರೈಲಿಗೆ ನಡೆಸಿಕೊಂಡು ಹೋಗುತ್ತಿದ್ದ ಕಾಲದಲ್ಲೂ ದಿನಕ್ಕೆ 10ರಿಂದ 15 ಮೈಲಿ ಅಷ್ಟೇ. ಜಾಸ್ತಿ ಓಡಿಸಿದರೆ ದನ ಬಡವಾಗುತ್ತಿತ್ತು, ಬೆಲೆ ಬೀಳುತ್ತಿತ್ತು. ಮೇಯುತ್ತಾ ನಡೆಯುವ ದನದ ಜೊತೆ ಹೋಗೋಕೆ ಒಬ್ಬೊಬ್ಬನಿಗೂ ಹಲವು ಕುದುರೆ ಬೇಕಾಗುತ್ತಿತ್ತು. ಒಂದು ದಣಿದರೆ ಇನ್ನೊಂದು. ರಾತ್ರಿ ಕಾವಲಿಗೆ ಬೇರೆಯದೇ ಕುದುರೆ, ಕತ್ತಲಲ್ಲಿ ಎಡವದೇ ಇರುವಂಥದ್ದು. ಮಲಗಿದ ದನದ ಸುತ್ತ ಸವಾರರು ಮೆಲ್ಲಗೆ ಹಾಡು ಹೇಳುತ್ತಾ ಸುತ್ತುತ್ತಿದ್ದರು. ಕತ್ತಲಲ್ಲಿ ಬರುತ್ತಿರುವುದು ಮನುಷ್ಯ ಅಂತ ದನಕ್ಕೆ ಗೊತ್ತಾಗಲಿ, ಬೆಚ್ಚದಿರಲಿ ಅಂತ.

ಈಗ ನಾಲ್ಕು ಚಕ್ರದ ಸಣ್ಣ ಮೋಟಾರ್ ಗಾಡಿಗಳಿವೆ. ಎಷ್ಟೋ ರಾಂಚುಗಳಲ್ಲಿ ಅದರಲ್ಲೇ ದನ ಸಾಗಿಸುತ್ತಾರೆ. ಸಮತಟ್ಟಾದ ಜಾಗದಲ್ಲಿ ಕೆಲಸವೂ ಬೇಗ ಆಗುತ್ತದೆ. ಆದರೆ ನಾನು ಆ ದಿನ ಗಂಟೆಗಟ್ಟಲೆ ನೋಡಿದ್ದು ನನ್ನ ಕುದುರೆಯ ಎರಡು ಕಿವಿಯನ್ನು. ತೊರೆ ಹತ್ತಿರ ಆದ ತಪ್ಪಿನ ನಂತರ ಲಗಾಮು ಸಡಿಲ ಬಿಟ್ಟಿದ್ದೆ. ಒಂದು ಕಿವಿ ಹಿಂದಕ್ಕೆ ನನ್ನ ಕಡೆ ತಿರುಗಿರುತ್ತಿತ್ತು, ನಾನೇನು ಹೇಳುತ್ತೇನೋ ಅಂತ. ಇನ್ನೊಂದು ಮುಂದೆ, ದನದ ಕಡೆ. ಸಾಲಿನಿಂದ ಒಂದು ಹಸು ಹೊರಗೆ ಬರೋಕೆ ಯೋಚಿಸಿದರೆ ಸಾಕು, ಆ ಮುಂದಿನ ಕಿವಿ ಅದರ ಕಡೆ ತಿರುಗುತ್ತಿತ್ತು. ಹಸು ಇನ್ನೂ ಹೆಜ್ಜೆ ಇಟ್ಟಿರುತ್ತಿರಲಿಲ್ಲ. ನನಗಂತೂ ಏನೂ ಕಾಣುತ್ತಿರಲಿಲ್ಲ. ಕುದುರೆ ತಾನಾಗಿಯೇ ಅರ್ಧ ಹೆಜ್ಜೆ ಆ ಕಡೆ ವಾಲುತ್ತಿತ್ತು. ಹಸು ಮನಸ್ಸು ಬದಲಿಸಿ ಸಾಲಿಗೆ ಸೇರುತ್ತಿತ್ತು. ಕುದುರೆ ತಕ್ಷಣ ತನ್ನ ಜಾಗಕ್ಕೆ ವಾಪಸ್. ಯಾವ ಯಂತ್ರಕ್ಕೂ ಅಂಥ ಕಿವಿ ಇಲ್ಲ.

ಒತ್ತುವುದು, ಬಿಡುವುದು. ಕುದುರೆಗೆ ಕಲಿಸುವುದೂ ಹೀಗೇ. ಕಾಲು ಒತ್ತುತ್ತೀರಿ, ಕುದುರೆ ಸರಿಯುತ್ತದೆ, ತಕ್ಷಣ ಕಾಲು ಸಡಿಲ ಮಾಡುತ್ತೀರಿ. ಆ ಸಡಿಲದಿಂದ ಅದು ಕಲಿಯುತ್ತದೆ. ನಮ್ಮ ಮಾತಿನಲ್ಲಿ ದನ "ಹೊಡ್ಕೊಂಡು" ಹೋಗುತ್ತೇವೆ, ಕೈ ಎತ್ತದಿದ್ದರೂ ಮಾತು ಅದೇ. ಆದರೆ ಬೆಳಗಾದರೆ ಕೊಟ್ಟಿಗೆಯಿಂದ ದನ "ಬಿಡುತ್ತೇವೆ" ಕೂಡ. ಅಮ್ಮ ಆ ದಿನ ನನಗೆ ಹೇಳಿದ್ದರಲ್ಲಿ ಹೆಚ್ಚಿನದೆಲ್ಲ ಬಿಡು, ಬಿಡು ಅಂತಲೇ.

ಇನ್ನೊಂದು ವಿಷಯ ಬರೆಯದಿದ್ದರೆ ಮನಸ್ಸು ಒಪ್ಪುವುದಿಲ್ಲ. ಆ ಕರುಗಳು ಮಾಂಸಕ್ಕೆ. ಶರತ್ಕಾಲದಲ್ಲಿ ದನ ಕೆಳಗಿಳಿದ ಮೇಲೆ ಹೆಚ್ಚಿನ ಕರುಗಳನ್ನು ತೂಕ ಹಾಕಿ ಮಾರುತ್ತಾರೆ. ಬಿಸಿಲೇರುವ ಮುಂಚೆ ಹೊರಡುವುದು, ನಿಧಾನ ನಡೆಸುವುದು, ಗಾಬರಿ ಮಾಡದಿರುವುದು, ಇದರಲ್ಲಿ ತೂಕದ ಲೆಕ್ಕವೂ ಇದೆ. ಅಮ್ಮ ಅದನ್ನು ಮುಚ್ಚಿಡಲಿಲ್ಲ. ಕರುವಿಗೆ ಹೆಸರಿಟ್ಟು ಬೆಳೆಸಿದ ಮನೆಯಿಂದ ಬಂದ ನನಗೆ ಅದು ಕಷ್ಟವೇ ಆಯಿತು. ಈಗಲೂ ಕಷ್ಟವೇ. ಆದರೆ ಕಡಿವಾಣ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದ ಕೈಯೂ ಅದೇ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ತಾಯಿ ಕರು ಕೂಡುವವರೆಗೆ

ಮೂರು ಗಂಟೆಗೆ ಮೇಲಿನ ಹುಲ್ಲುಗಾವಲು ತಲುಪಿದೆವು. ಕೆಲಸ ಮುಗಿಯಿತು, ಇಳಿಯಬಹುದು ಅಂದುಕೊಂಡೆ. ಯಾರೂ ಇಳಿಯಲಿಲ್ಲ. ಏಳೂ ಜನ ದನದ ಸುತ್ತ ದೊಡ್ಡ ಸುತ್ತಿನಲ್ಲಿ ದೂರ ದೂರ ನಿಂತೆವು. ಅಷ್ಟೇ. ನಿಲ್ಲುವುದೇ ಕೆಲಸ. ದಾರಿಯುದ್ದಕ್ಕೂ ಹಸು ಮುಂದೆ, ಕರು ಹಿಂದೆ ಚೆಲ್ಲಾಪಿಲ್ಲಿ ಆಗಿರುತ್ತವೆ. ತಾಯಿ ಸಿಗದ ಕರು ಏನು ಮಾಡುತ್ತದೆ ಗೊತ್ತಾ? ಕೊನೆಯ ಸಲ ಎಲ್ಲಿ ಹಾಲು ಕುಡಿದಿತ್ತೋ ಅಲ್ಲಿಗೆ ವಾಪಸ್ ಹೋಗುತ್ತದೆ. 8 ಮೈಲಿ ಆದರೂ ಸರಿ, ಒಂಟಿಯಾಗೇ. ಹಸುವೂ ಅದನ್ನೇ ಮಾಡುತ್ತದೆ. ಅದಕ್ಕೇ ಪ್ರತಿ ಹಸುವೂ ತನ್ನ ಕರುವನ್ನು ಮೂಸಿ ಗುರುತು ಹಿಡಿದು, ಕರು ಕೆಚ್ಚಲಿಗೆ ಬಾಯಿ ಹಾಕುವವರೆಗೆ ಸವಾರರು ಕಾಯುತ್ತಾರೆ.

ಸುಮಾರು ಒಂದೂವರೆ ಗಂಟೆ. ನನ್ನ ಕುದುರೆ ಒಂದು ಹಿಂಗಾಲು ಮಡಚಿ, ತಲೆ ತಗ್ಗಿಸಿ ನಿಂತಿತ್ತು. ಹಸುಗಳು ಗುಂಪಿನೊಳಗೆ ಓಡಾಡುತ್ತಾ, ತಪ್ಪು ಕರು ಬಂದರೆ ಮೂಸಿ ಒದ್ದು ದೂರ ತಳ್ಳುತ್ತಾ, ಕೂಗುತ್ತಾ ಹುಡುಕಿದವು. ಒಂದೊಂದೇ ಜೋಡಿ ಸಿಕ್ಕಿದ ಹಾಗೆ ಸದ್ದು ಕಡಿಮೆಯಾಗುತ್ತಾ ಬಂತು. ಬೆಳಗಿನಿಂದ ಕಿವಿ ತುಂಬಿದ್ದ ಆ ಕೂಗು ಕೊನೆಗೆ ಒಂದೇ ಹಸುವಿನದಾಗಿ ಉಳಿಯಿತು. ಅದು ಗುಂಪಿನ ಅಂಚಿಗೆ ಬಂದು, ಬಂದ ದಾರಿಯ ಕಡೆ ಮುಖ ಮಾಡಿ ಕೂಗುತ್ತಲೇ ಇತ್ತು. ಗುಂಪಿನಲ್ಲಿ ತಾಯಿ ಇಲ್ಲದ ಕರು ಒಂದೂ ಉಳಿದಿರಲಿಲ್ಲ. ಇದರ ಕರು ದಾರಿಯಲ್ಲೆಲ್ಲೋ ಗಿಡಗಳ ಮರೆಯಲ್ಲಿ ತಪ್ಪಿಸಿಕೊಂಡಿತ್ತು. ನಾನು ಗುಂಪಿನಲ್ಲಿ ಬಿಳಿ ಮುಖದ ಕರಿ ಕರುಗಳನ್ನು ಹುಡುಕಿದೆ. ನಾಲ್ಕಾರು ಇದ್ದವು. ನನ್ನ ಕರು ಅದರಲ್ಲಿತ್ತಾ, ಗೊತ್ತಾಗಲಿಲ್ಲ.

ಆ ಹಸು ಹೊರಗೆ ಹೋಗದ ಹಾಗೆ ತಡೆದು ನಿಂತಿದ್ದವಳು ನನ್ನ ಗೆಳತಿ. ಅಮ್ಮ ದೂರದಿಂದ ಕೈ ಬೀಸಿದರು. ಬಿಡು, ಅವಳು ಹೋಗಲಿ ಅಂತ. ಗೆಳತಿ ಕುದುರೆಯನ್ನು ಪಕ್ಕಕ್ಕೆ ಸರಿಸಿದಳು. ಹಸು ಒಂದು ಸಲ ಕೂಗಿ, ಬಂದ ದಾರಿಯಲ್ಲೇ ದಡಬಡನೆ ಇಳಿದು ಹೋಯಿತು. ಅದರ ಹಿಂದೆ, ತುಂಬಾ ದೂರ ಬಿಟ್ಟು, ಗೆಳತಿ ನಡಿಗೆಯಲ್ಲೇ ಕುದುರೆ ಬಿಟ್ಟುಕೊಂಡು ಹೋದಳು. ಕುದುರೆ ತುಂಬುವ ಗಾಡಿ ಹೊರಡುವ ಹೊತ್ತಾಗಿತ್ತು. ನಾನು ಅದರಲ್ಲಿ ಕೆಳಗಿಳಿದೆ.

ಹೋದ ವಾರ ದೊಡ್ಡಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಮತ್ತೆ ಹೇಳಿದೆ. ಭುಜದ ವಿಷಯ, ಎದುರು ದಿಕ್ಕಿಗೆ ಬರುವ ವಿಷಯ, ಕುದುರೆಯ ಕಿವಿ ವಿಷಯ. ಅವರು "ಹೂಂ" ಅನ್ನುತ್ತಾ ಕೇಳಿದರು. ಜಾತ್ರೆಗೆ ಎತ್ತು ನಡೆಸಿಕೊಂಡು ಹೋಗುವಾಗ ತಾವೂ ಭುಜದ ಪಕ್ಕದಲ್ಲೇ ನಡೆಯುತ್ತಿದ್ದದ್ದು ಅಂತ ಅವರೇ ನೆನಪು ಮಾಡಿಕೊಂಡರು. ಕುದುರೆ ಯಾಕೆ ಅಂತ ಈ ಸಲ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

"ಆ ಕರು ಸಿಕ್ತಾ?"

ಗೆಳತಿ ಅವತ್ತೇ ಹೇಳಿದ್ದಳು. ಹಸು ನೇರ ತೊರೆಗೆ ಹೋಗಿತ್ತಂತೆ. ಕರು ಈಚೆ ದಡದಲ್ಲಿ, ಒಂದು ಗಿಡದ ನೆರಳಲ್ಲಿ ಮಲಗಿತ್ತಂತೆ. ಅವಳು ತಲುಪುವ ಹೊತ್ತಿಗೆ ಹಾಲು ಕುಡಿಯುತ್ತಿತ್ತು. ಕುಡಿದು ಮುಗಿಯುವವರೆಗೆ ದೂರದಲ್ಲೇ ನಿಂತು, ಆಮೇಲೆ ಎರಡನ್ನೂ ಮೇಲೆ ಕರೆದುಕೊಂಡು ಹೋಗುವಷ್ಟರಲ್ಲಿ ಕತ್ತಲಾಗಿತ್ತಂತೆ.

"ಬಿಳಿ ಮುಖದ್ದೇನಾ?"

"ಹೌದು ದೊಡ್ಡಪ್ಪ. ಬಿಳಿ ಮುಖದ್ದೇ."